ಮೈಕ್ ಹಿಡಿದು ಹೇಳಿದ ಪಾಪ

ನೀತಿವಂತನಾಗಬೇಕು ಅನ್ನುವ ಹುಚ್ಚು ನನಗೆ ಹಿಡಿದದ್ದು ನಲವತ್ತು ದಾಟಿದ ಮೇಲೆ. ಕುಡಿತವೋ ಇಸ್ಪೀಟೋ ಹಿಡಿದಿದ್ದರೆ ಮನೆಯವರು ಬೈದು, ಅತ್ತು, ಹೇಗೋ ಬಿಡಿಸುತ್ತಿದ್ದರು. ಇದನ್ನು ಬಿಡಿಸುವವರು ಯಾರು? ನೋಡಿದವರೆಲ್ಲ ಶಹಭಾಸ್ ಅನ್ನುವವರೇ. ನನಗೂ ಆ ಶಹಭಾಸ್‌ಗಿರಿ ಬೇಕಿತ್ತು ಅನ್ನುವುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಆಗ ಯಾರಾದರೂ ಹಾಗೆ ಅಂದಿದ್ದರೆ ಕೆರಳಿಬಿಡುತ್ತಿದ್ದೆ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅನ್ನುವುದು ಬೋರ್ಡಿನ ಮೇಲೆ ಮಾತ್ರ, ನಿಜವಾದ ಕೆಲಸ ಅರ್ಜಿ ತುಂಬುವುದು. ಜಾತಿ, ಆದಾಯ, ವಿಧವಾ ವೇತನ, ರೇಷನ್ ಕಾರ್ಡ್. ಜನ ಬಂದು ಸ್ಟೂಲಿನ ಮೇಲೆ ಕುಳಿತು ತಮ್ಮ ಬದುಕು ಹೇಳುತ್ತಾರೆ, ನಾನು ಅದನ್ನು ಕಾಲಂಗಳಲ್ಲಿ ಕೂರಿಸುತ್ತೇನೆ. ಎಲ್ಲಿ ಏನು ಬರೆದರೆ ಅರ್ಜಿ ವಾಪಸ್ ಬರುತ್ತದೆ, ಏನು ಬರೆದರೆ ಮುಂದಕ್ಕೆ ಹೋಗುತ್ತದೆ ಎಂಬುದು ನನಗೆ ನಾಲಿಗೆ ತುದಿಯಲ್ಲಿದೆ. ಈ ಕೆಲಸ ಮಾಡುವವನು ಸತ್ಯದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬಾರದು. ನಾನು ಕೆಡಿಸಿಕೊಂಡೆ.

ನಾವು ಕ್ರೈಸ್ತರು. ನಮ್ಮದು ಗೋಪುರ, ಗಂಟೆ ಇರುವ ದೊಡ್ಡ ಚರ್ಚ್ ಅಲ್ಲ. ಹಳೇ ಕ್ವಾರ್ಟರ್ಸಿನ ಆಚೆ ಒಂದು ಶೀಟಿನ ಹಾಲ್, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕೀಬೋರ್ಡ್, ಎರಡು ಮೈಕ್, ಇದೇ ನಮ್ಮ ಸಭೆ. ಹಾಡು ಕನ್ನಡದಲ್ಲಿ ಶುರುವಾಗಿ ತಮಿಳಿನಲ್ಲಿ ಮುಗಿಯುತ್ತಿತ್ತು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಿ ರಸ. ಮನಸ್ಸಿನಲ್ಲಿ ಪಾಪ ಇಟ್ಟುಕೊಂಡು ಆ ರೊಟ್ಟಿ ಮುಟ್ಟಬಾರದು ಅನ್ನುವುದು ನಮ್ಮ ಸಭೆಯ ಕಟ್ಟು. ಅದಕ್ಕೇ ರೊಟ್ಟಿ ಹಂಚುವ ಮುಂಚೆ ಸಾಕ್ಷಿ ಹೇಳುವ ಹೊತ್ತು ಅಂತ ಒಂದಿತ್ತು. ಚುಚ್ಚುತ್ತಿರುವುದು ಏನಾದರೂ ಇದ್ದರೆ ಎದ್ದು, ಮೈಕ್ ತೆಗೆದುಕೊಂಡು, ಎಲ್ಲರ ಮುಂದೆ ಹೇಳಿ ಹಗುರಾಗಬೇಕು. ಒಬ್ಬರು ಅತ್ತೆಯನ್ನು ಬೈದದ್ದು ಹೇಳುವರು, ಇನ್ನೊಬ್ಬರು ಕದ್ದು ಬೀಡಿ ಸೇದಿದ್ದು. ಎಲ್ಲರೂ ಸ್ತೋತ್ರ ಅನ್ನುವರು, ಅಲ್ಲಿಗೆ ಮುಗಿಯಿತು.

ನನ್ನದು ಅಷ್ಟು ಸಸ್ತಾ ಪಾಪ ಆಗಿರಲಿಲ್ಲ.

ನಮ್ಮಪ್ಪ ಕುಂಸಿ ಕಡೆಯ ಹಳ್ಳಿಯವರು. ಅಲ್ಲಿ ನಮ್ಮವರ ಮನೆಗಳು ಊರಿಂದಾಚೆ ಇದ್ದವು, ಈಗಲೂ ಇವೆ. ಅಪ್ಪ ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೆಂದು ಭದ್ರಾವತಿಗೆ ಬಂದು, ಪ್ರಾರ್ಥನೆಗೆ ಸೇರಿ, ದೀಕ್ಷಾಸ್ನಾನ ತೆಗೆದುಕೊಂಡರು. ನಮಗೆಲ್ಲ ಎರಡೆರಡು ಹೆಸರು ಬಂತು, ಒಂದು ಸಭೆಯದ್ದು, ಒಂದು ಶಾಲೆಯದ್ದು. ಶಾಲೆಯ ದಾಖಲೆಯಲ್ಲಿ ಧರ್ಮ, ಜಾತಿ ಎರಡನ್ನೂ ಅಪ್ಪ ಮೊದಲಿದ್ದಂತೆಯೇ ಬರೆಸಿದ್ದರು. ಕ್ರೈಸ್ತ ಅಂತ ಬರೆಸಿದರೆ ಪರಿಶಿಷ್ಟ ಜಾತಿಯ ಮೀಸಲಾತಿ ಇಲ್ಲ, ಕಾನೂನು ಹಾಗಿದೆ. ಸಭೆಯ ಯಾರೋ ಅದು ತಪ್ಪಲ್ಲವೇ ಎಂದು ಕೇಳಿದಾಗ ಅಪ್ಪ ಸಿಟ್ಟು ಮಾಡಿಕೊಳ್ಳಲಿಲ್ಲ.

“ಜಾತಿ ನಮ್ಮನ್ನ ಬಿಟ್ಟಿಲ್ಲ. ಕಾಗದದಲ್ಲಿ ನಾವು ಯಾಕೆ ಅದನ್ನ ಬಿಡ್ಬೇಕು?” ಎಂದರು. ಸಾಯುವ ತನಕ ಅವರದು ಅದೇ ಮಾತು.

ನನಗೊಬ್ಬಳೇ ತಂಗಿ. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಮನೆಯಲ್ಲಿ ದೇವರನ್ನು ನಿಜವಾಗಿ ನಂಬಿದ್ದವಳು ಅವಳೊಬ್ಬಳೇ ಅಂತ ನನಗೆ ಈಗ ಅನ್ನಿಸುತ್ತದೆ. ಶನಿವಾರ ಮಧ್ಯಾಹ್ನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಯಾರೂ ನೋಡಲು ಬಾರದ ಮುದುಕಿಯರ ತಲೆ ಬಾಚಿ ಬರುತ್ತಿದ್ದಳು. ಇದು ನಮಗೆ ಗೊತ್ತಾದದ್ದೇ ಎಷ್ಟೋ ವರ್ಷ ಆದ ಮೇಲೆ, ಅದೂ ಅಲ್ಲಿನ ನರ್ಸ್ ಒಬ್ಬರ ಬಾಯಿಂದ. ಸಾಕ್ಷಿಯ ಹೊತ್ತಿನಲ್ಲಿ ಅವಳು ಒಂದು ದಿನವೂ ಎದ್ದು ನಿಂತವಳಲ್ಲ.

ಅವಳು ಪರೀಕ್ಷೆ ಬರೆದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾದಳು. ಆ ಅರ್ಜಿ ತುಂಬಿದವನು ನಾನು, ಜಾತಿ ಪ್ರಮಾಣಪತ್ರಕ್ಕೆ ಓಡಾಡಿದವನೂ ನಾನೇ. ನನ್ನ ಅಂಗಡಿಯ ಕಂಪ್ಯೂಟರಿನಲ್ಲೇ ತುಂಬುತ್ತಿದ್ದೆ, ಅವಳು ಹಿಂದೆ ನಿಂತು ನೋಡುತ್ತಿದ್ದಳು.

“ಅಣ್ಣ, ಧರ್ಮ ಅನ್ನೋ ಕಡೆ ಹಿಂದೂ ಅಂತ ಹಾಕ್ತಿದ್ದೀಯ. ಸುಳ್ಳಲ್ವಾ ಇದು?”

“ಅದೊಂದು ಕಾಲಂ ಮಾರಾಯ್ತಿ. ದೇವರೇನು ಅರ್ಜಿ ಓದ್ತಾನಾ?” ಎಂದೆ ನಾನು.

 ಕೆಲಸ ಸಿಕ್ಕಿ, ಶಿವಮೊಗ್ಗದ ರವೀಂದ್ರನಗರದಲ್ಲಿ ಬಾಡಿಗೆ ಮನೆ ಮಾಡಿ, ಅವ್ವನನ್ನು ಕರೆದುಕೊಂಡು ಹೋದಳು. ಭಾನುವಾರ ಬೆಳಗ್ಗೆ ಇಬ್ಬರೂ ಬಸ್ಸಿನಲ್ಲಿ ಸಭೆಗೆ ಬರುವರು. ಅವ್ವನಿಗೆ ಮಗಳ ನೌಕರಿ ಅಂದರೆ ಪ್ರಾಣ. ಮಗಳು ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುತ್ತಾಳೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಹತ್ತು ವರ್ಷ ಹೀಗೇ ಕಳೆಯಿತು. ಆಮೇಲೆ ನಮ್ಮ ಸಭೆಗೆ ಹೊಸ ಪಾಸ್ಟರ್ ಬಂದರು. ವಯಸ್ಸು ಚಿಕ್ಕದು, ಕಂಠ ದೊಡ್ಡದು. ಹಸಿದವನು ಅನ್ನಕ್ಕೆ ಹೇಗೆ ಒದ್ದಾಡುತ್ತಾನೋ ಹಾಗೆ ನೀವು ನೀತಿಗೆ ಒದ್ದಾಡಬೇಕು, ಒಂದು ಸುಳ್ಳನ್ನೂ ಬಾಕಿ ಇಟ್ಟುಕೊಳ್ಳಬಾರದು ಎಂದು ವಾರವಾರ ಬೋಧಿಸಿದರು. ಉಳಿದವರು ಕೇಳಿ ಮನೆಗೆ ಹೋಗಿ ಮೀನು ಸಾರು ಉಂಡು ಮಲಗಿದರು. ನನಗೆ ಮಾತ್ರ ಅದು ಒಳಗೆ ಇಳಿದುಬಿಟ್ಟಿತು. ಶುಕ್ರವಾರ ಉಪವಾಸ ಹಿಡಿದೆ. ಹಿಂದಿನ ತಾರೀಖು ಹಾಕಿ ಬಾಡಿಗೆ ಕರಾರು ಟೈಪ್ ಮಾಡಿಕೊಡು ಅಂದವರನ್ನು ವಾಪಸ್ ಕಳಿಸಿದೆ. ಪಕ್ಕದ ಅಂಗಡಿಯವನು, ಏನಪ್ಪ ಹರಿಶ್ಚಂದ್ರ ಎಂದು ಕರೆಯಲು ಶುರು ಮಾಡಿದ. ಒಳಗೊಳಗೇ ಖುಷಿಯಾಯಿತು.

ಇದೆಲ್ಲ ಮಾಡಿದರೂ ಆ ಒಂದು ಕಾಲಂ ಉಳಿಯಿತು. ದಿನಾ ಯಾರದಾದರೂ ಜಾತಿ ಅರ್ಜಿ ತುಂಬುವಾಗ ಧರ್ಮ ಅನ್ನುವ ಜಾಗ ಬಂದೇ ಬರುತ್ತದೆ, ಬಂದಾಗೆಲ್ಲ ತಂಗಿಯ ಅರ್ಜಿ ಕಣ್ಣಿಗೆ ಕಟ್ಟುತ್ತಿತ್ತು. ಮೂರು ತಿಂಗಳು ರೊಟ್ಟಿ ಮುಟ್ಟಲಿಲ್ಲ. ನಾನು ಸುಮ್ಮನೆ ನಾಟಕ ಮಾಡುತ್ತಿದ್ದೆ ಅಂತ ಯಾರೂ ತಿಳಿಯಬಾರದು. ನಿಜವಾಗಿಯೂ ಬೆಂದುಹೋಗಿದ್ದೆ. ದೇವರ ಮುಂದೆ ಒಮ್ಮೆ ಚೊಕ್ಕಟವಾಗಿ ನಿಲ್ಲಬೇಕು, ಇಷ್ಟೇ ನನ್ನ ಆಸೆ. ಬದುಕಿನಲ್ಲಿ ಯಾವುದನ್ನೂ ಅಷ್ಟು ಆಸೆಪಟ್ಟಿರಲಿಲ್ಲ.

ತಂಗಿಯನ್ನು ಕೇಳಬಹುದಿತ್ತು. ಶಿವಮೊಗ್ಗವೇನು ದೂರವೇ? ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ಕೇಳಲಿಲ್ಲ, ಯಾಕೆಂದರೆ ಅವಳು ಬೇಡ ಅನ್ನುತ್ತಾಳೆ ಎಂದು ಗೊತ್ತಿತ್ತು. ಬೇಡ ಅಂದರೆ ನನ್ನ ನೀತಿ ಅಲ್ಲೇ ನಿಂತುಹೋಗುತ್ತಿತ್ತು.

ಆ ಭಾನುವಾರ ಅವ್ವನಿಗೆ ಜ್ವರ, ಅವರಿಬ್ಬರೂ ಬಂದಿರಲಿಲ್ಲ. ಅವರು ಬಾರದ ದಿನವೇ ನನ್ನ ನಾಲಿಗೆ ಸಡಿಲವಾದದ್ದು ಆಕಸ್ಮಿಕ ಎಂದು ಬಹಳ ದಿನ ನಂಬಿದ್ದೆ. ಈಗ ನಂಬುವುದಿಲ್ಲ.

ಎದ್ದು ನಿಂತೆ. ಮೈಕ್ ಕೈಗೆ ಬಂತು. ನಾನು ಸುಳ್ಳುಗಾರ, ನನ್ನ ಕೈಯಾರೆ ಸುಳ್ಳು ಬರೆದು, ದೀಕ್ಷಾಸ್ನಾನ ಆಗಿರುವ ನನ್ನ ತಂಗಿಗೆ ಹಿಂದೂ ಅಂತ ಸರ್ಟಿಫಿಕೇಟ್ ಮಾಡಿಸಿ ನೌಕರಿ ಕೊಡಿಸಿದ್ದೇನೆ, ನನ್ನನ್ನು ಕ್ಷಮಿಸಿ ಎಂದೆ. ಹೇಳುತ್ತಾ ಅತ್ತೆ, ಕೇಳುತ್ತಾ ಸಭೆಯೂ ಅತ್ತಿತು. ಪಾಸ್ಟರ್ ಇಳಿದು ಬಂದು ತಬ್ಬಿಕೊಂಡರು. ಸಭೆಯ ಹಿರಿಯರೊಬ್ಬರು, ಕಾರ್ಖಾನೆಯಿಂದ ರಿಟೈರ್ ಆದವರು, ಇಂಥ ಸಾಕ್ಷಿ ನಾನು ನಲವತ್ತು ವರ್ಷದಲ್ಲಿ ಕೇಳಿಲ್ಲ ಎಂದರು. ಇದೇ ಹಿರಿಯರ ಮಗನಿಗೆ ಹಿಂದೊಮ್ಮೆ ನನ್ನ ತಂಗಿಯ ಸಂಬಂಧ ಕೇಳಿದ್ದೆವು. ಹುಡುಗಿ ಒಳ್ಳೆಯವಳೇ, ಆದರೆ ನಮ್ಮ ಕಡೆಯವರೇ ಆಗಬೇಕು ಎಂದಿದ್ದರು. ಅವರೂ ಕ್ರೈಸ್ತರೇ, ನಾವೂ ಕ್ರೈಸ್ತರೇ, ಕಡೆ ಮಾತ್ರ ಬೇರೆ. ಅಂದು ಅದೊಂದೂ ನನಗೆ ನೆನಪಾಗಲಿಲ್ಲ. ರೊಟ್ಟಿ ಬಾಯಲ್ಲಿಟ್ಟುಕೊಂಡೆ. ಅಷ್ಟು ಹಗುರವಾದ ಮಧ್ಯಾಹ್ನ ನನಗೆ ಮತ್ತೆ ಸಿಕ್ಕಿಲ್ಲ.

ಸಭೆಯಲ್ಲಿ ಸಾಕ್ಷಿಗಳನ್ನು ಮೊಬೈಲಿನಲ್ಲಿ ಹಿಡಿದು ಗ್ರೂಪಿಗೆ ಹಾಕುವ ರೂಢಿಯಿತ್ತು. ನನ್ನದನ್ನೂ ಹಾಕಿದರು. ಗ್ರೂಪಿಂದ ಇನ್ನೊಂದು ಗ್ರೂಪಿಗೆ, ಅಲ್ಲಿಂದ ಮತ್ತೆಲ್ಲಿಗೋ ಹೋಯಿತು. ಎಲ್ಲಿ ಯಾರ ಕೈಗೆ ಸಿಕ್ಕಿತೋ ಗೊತ್ತಿಲ್ಲ. ತಂಗಿಯ ಮೇಲೆ ಹೆಸರಿಲ್ಲದ ದೂರು ಹೋಯಿತು, ಜೊತೆಗೆ ನನ್ನ ವಿಡಿಯೋ. ಜಾತಿ ಪರಿಶೀಲನೆಗೆ ಹಾಜರಾಗಬೇಕು, ತಪ್ಪು ಸಾಬೀತಾದರೆ ಕೆಲಸದಿಂದ ವಜಾ, ಮೇಲೆ ಕೇಸು ಎಂದು ಅವಳಿಗೆ ನೋಟಿಸ್ ಬಂತು.

ಅವಳು ಕಚೇರಿಗೆ ರಜೆ ಹಾಕಿ ನನ್ನ ಅಂಗಡಿಗೆ ಬಂದಳು. ಸ್ಟೂಲಿನ ಮೇಲೆ, ಅರ್ಜಿದಾರರು ಕೂರುವಲ್ಲಿ ಕುಳಿತಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

“ನಿನ್ನ ಪಾಪ ಹೇಳ್ಕೊಂಡೆ, ಸರಿ. ಅದ್ರಲ್ಲಿ ನನ್ನನ್ನ ಯಾಕೆ ಸೇರಿಸ್ದೆ ಅಣ್ಣ?”

ಸತ್ಯ ಹೇಳಿದರೆ ದೇವರು ಕೈಬಿಡುವುದಿಲ್ಲ, ಬೇಕಾದರೆ ಆ ಕೆಲಸ ಬಿಟ್ಟುಬಿಡು, ನಾನು ಸಾಕುತ್ತೇನೆ ಎಂದೆ. ಹೇಳುವಾಗಲೇ ನನ್ನ ದನಿ ಪಾಸ್ಟರ್ ದನಿಯಂತೆ ಕೇಳಿತು, ನನಗೇ ಅಸಹ್ಯವಾಯಿತು.

“ನಾನು ಓದಿದ್ದು ಸುಳ್ಳಾ? ಪಾಸಾಗಿದ್ದು ಸುಳ್ಳಾ? ಮನೆ ಓನರು ಯಾವ ಜನ ಅಂತ ಕೇಳಿ ಬಾಗಿಲು ಹಾಕ್ಕೊಂಡಿದ್ದು ಸುಳ್ಳಾ? ನಿನ್ಗೆ ಒಂದು ಸುಳ್ಳು ಕಾಣ್ಸಿತು, ಇಷ್ಟೊಂದು ನಿಜ ಕಾಣ್ಲಿಲ್ವಾ?” ಎಂದಳು. ನೋಟಿಸಿನ ಎರಡು ಜೆರಾಕ್ಸ್ ಮಾಡಿಸಿಕೊಂಡು ಹೋದಳು.

ಅವ್ವನನ್ನು ನೋಡಲು ರವೀಂದ್ರನಗರಕ್ಕೆ ಹೋದೆ. ಅವ್ವ ಯಾರದೋ ಫೋನಿನಲ್ಲಿ ಆ ವಿಡಿಯೋ ನೋಡಿದ್ದಳು. ನನಗೆ ಕಾಫಿ ಕೊಟ್ಟು, ಲೋಟ ಖಾಲಿಯಾದ ಮೇಲೆ ಕೇಳಿದಳು.

“ದೇವರಿಗೆ ಕೇಳ್ಸೋಕೆ ನಿಂಗೆ ಮೈಕ್ ಬೇಕಿತ್ತೇನೋ?”

ಪಾಸ್ಟರ್ ವಿಡಿಯೋ ತೆಗೆಸಿಹಾಕಿದರು. ತೆಗೆದರೇನು, ಹೋಗಬೇಕಾದಲ್ಲಿಗೆ ಅದು ಹೋಗಿಯಾಗಿತ್ತು. ಪ್ರಾರ್ಥನೆ ಮಾಡೋಣ ಬ್ರದರ್ ಎಂದರು. ಪ್ರಾರ್ಥನೆ ಆಮೇಲೆ ಮಾಡೋಣ, ನನ್ನ ತಂಗಿಯನ್ನು ಉಳಿಸುವುದು ಹೇಗೆ ಹೇಳಿ ಎಂದು ನಾನು ದನಿ ಎತ್ತಿದೆ. ಆ ಹಿರಿಯರು ಪಕ್ಕದಲ್ಲೇ ಇದ್ದರು. ಸಿಸ್ಟರ್ ರಾಜೀನಾಮೆ ಕೊಟ್ಟರೆ ಅದೂ ಒಂದು ದೊಡ್ಡ ಸಾಕ್ಷಿಯಾಗುತ್ತದೆ ಎಂದರು. ಅವರಿಗೆ ಕಾರ್ಖಾನೆಯ ಪಿಂಚಣಿ ಬರುತ್ತಿತ್ತು, ಮಗ ಬ್ಯಾಂಕಿನಲ್ಲಿದ್ದ. ಅವರ ಮುಖಕ್ಕೆ ಏನೋ ಒದರಬೇಕೆಂದು ಬಾಯಿ ತುಂಬ ಮಾತು ಬಂದಿತ್ತು. ನುಂಗಿಕೊಂಡೆ, ಅವರು ಈಗ ಹೇಳಿದ್ದು ನಾನು ಅಂಗಡಿಯಲ್ಲಿ ತಂಗಿಗೆ ಹೇಳಿದ್ದೇ ಆಗಿತ್ತು.

ಕೊನೆಗೆ ದಾರಿ ಕಂಡುಹಿಡಿದವರು ಪಾಸ್ಟರೇ. ಸಭೆಯ ರಿಜಿಸ್ಟರಿನಲ್ಲಿ ತಂಗಿಯ ಹೆಸರು ಇದ್ದದ್ದು ಸಭೆಯ ಹೆಸರಾಗಿ. ಜಾತಿ ಪರಿಶೀಲನೆಯ ಕಚೇರಿ ಕೇಳಿದ್ದು ಶಾಲೆಯ ಹೆಸರು. ಈ ಹೆಸರಿನ ಸದಸ್ಯರು ನಮ್ಮಲ್ಲಿ ಯಾರೂ ಇಲ್ಲ ಎಂದು ಲೆಟರ್‌ಹೆಡ್ಡಿನಲ್ಲಿ ಬರೆದು, ಸೀಲ್ ಹೊಡೆದು ಕೊಟ್ಟರು. ಇದರಲ್ಲಿ ಸುಳ್ಳೇನೂ ಇಲ್ಲ ನೋಡಿ ಬ್ರದರ್ ಎಂದರು. ಆ ಪತ್ರ ಟೈಪ್ ಮಾಡಿದ್ದು ನನ್ನ ಅಂಗಡಿಯಲ್ಲಿ. ಒಂದು ಸುಳ್ಳನ್ನೂ ಬಾಕಿ ಇಟ್ಟುಕೊಳ್ಳಬಾರದು ಎಂದು ಬೋಧಿಸಿದವರ ಪತ್ರವನ್ನು ನಾನು ಕಾಗುಣಿತ ತಿದ್ದಿ ಪ್ರಿಂಟ್ ತೆಗೆದುಕೊಟ್ಟೆ.

ವಿಚಾರಣೆಗೆಂದು ಅಪ್ಪನ ಹಳ್ಳಿಗೂ ಆ ಕಚೇರಿಯ ಜನ ಹೋಗಿ ಬಂದರು. ಅಲ್ಲಿ ನಮ್ಮ ಜಾತಿಯನ್ನು ಯಾರೂ ಮರೆತಿರಲಿಲ್ಲ. ಅಪ್ಪ ಊರು ಬಿಟ್ಟು ಐವತ್ತು ವರ್ಷವಾಗಿತ್ತು. ಹೋಟೆಲಿನಲ್ಲಿ ನಮ್ಮ ತಾತ ಯಾವ ಕಡೆ ಕೂರುತ್ತಿದ್ದರು, ಅವರ ಲೋಟ ಎಲ್ಲಿ ಬೇರೆ ಇಡುತ್ತಿದ್ದರು ಎಂಬುದನ್ನೂ ಊರವರು ಹೇಳಿ ಬರೆಸಿದರಂತೆ. ನಮ್ಮ ಪರವಾಗಿ ಸಿಕ್ಕ ಅತಿ ಗಟ್ಟಿ ಸಾಕ್ಷಿ ಅದು. ಅದನ್ನು ಕೇಳಿ ಅವ್ವ ನಕ್ಕಳು. ಆ ನಗು ನೋಡಲಾಗಲಿಲ್ಲ.

ಉಳಿದದ್ದು ನನ್ನ ಹೇಳಿಕೆ. ಶಿವಮೊಗ್ಗದ ಆ ಕಚೇರಿಯಲ್ಲಿ ಅಧಿಕಾರಿ ಹೆಂಗಸು, ಒಳ್ಳೆಯವರು. ಕೂರಿಸಿ ನೀರು ಕೊಟ್ಟರು. ಕಂಪ್ಯೂಟರಿನಲ್ಲಿ ನನ್ನ ವಿಡಿಯೋ ಹಾಕಿ ತೋರಿಸಿದರು. ನಾನು ಅಳುತ್ತಿದ್ದೆ, ಸುತ್ತ ಜನ ಸ್ತೋತ್ರ ಸ್ತೋತ್ರ ಎನ್ನುತ್ತಿದ್ದರು. ಎಷ್ಟು ಚೆನ್ನಾಗಿ ಅಳುತ್ತಿದ್ದೆ ಎಂದು ಅವತ್ತೇ ನನಗೆ ಕಂಡದ್ದು. ನಡುವೆ ಒಮ್ಮೆ ಕಣ್ಣು ತೆರೆದು ಮೊಬೈಲ್ ಹಿಡಿದವರ ಕಡೆ ನೋಡಿದ್ದೆ ಕೂಡ.

“ಇದರಲ್ಲಿ ಹೇಳಿರೋದು ನಿಜಾನಾ?” ಎಂದು ಅಧಿಕಾರಿ ಕೇಳಿದರು.

“ಇಲ್ಲ ಮೇಡಂ. ಆವೇಶದಲ್ಲಿ ಹೇಳಿಬಿಟ್ಟೆ. ನನ್ನ ತಂಗಿ ಕ್ರೈಸ್ತಳಲ್ಲ.”

ಒಂದು ಕ್ಷಣವೂ ತಡವರಿಸಲಿಲ್ಲ. ಸತ್ಯ ಹೇಳಲು ನನಗೆ ಮೂರು ತಿಂಗಳ ಉಪವಾಸ ಬೇಕಾಗಿತ್ತು, ಈ ಸುಳ್ಳು ತಾನಾಗಿಯೇ ಬಂತು. ಇದನ್ನು ಪಾಪ ಅನ್ನಬೇಕೋ ಏನನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಗುಮಾಸ್ತರು ಬರೆದುಕೊಂಡರು, ಓದಿ ಹೇಳಿದರು, ಸಹಿ ಹಾಕಿದೆ. ಆಮೇಲೆ ಅಧಿಕಾರಿ ತಂಗಿಯ ಕಡೆ ತಿರುಗಿ, ನೀವು ಯಾವ ಧರ್ಮ ಪಾಲಿಸುತ್ತೀರಿ ಎಂದರು. ಅವಳು ನಾನು ಸಹಿ ಹಾಕಿದ ಕಾಗದವನ್ನೇ ನೋಡುತ್ತಾ ಕುಳಿತಳು. ಎಲ್ಲಿ ನಿಜ ಹೇಳಿಬಿಡುತ್ತಾಳೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು.

“ಹಿಂದೂ,” ಎಂದಳು.

ಅವಳ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು ಅದು. ಅದನ್ನು ಹೇಳಿಸಿದವನು ನಾನು. ಕಾರಿಡಾರಿನಲ್ಲಿ ನನಗೆ ಅಳು ಬಂತು. ಅಳಬೇಡ, ಇಲ್ಲಿ ನನ್ನ ಪರಿಚಯದವರು ಓಡಾಡ್ತಾರೆ ಎಂದಳು.

ನೌಕರಿ ಉಳಿಯಿತು. ಜಾತಿ ಪ್ರಮಾಣಪತ್ರ ಸರಿಯಿದೆ ಎನ್ನುವ ಸಿಂಧುತ್ವದ ಪತ್ರವೂ ಬಂತು. ಆದರೆ ದೂರು ಕೊಟ್ಟವರು ಯಾರೆಂದು ಗೊತ್ತಾಗಲಿಲ್ಲವಲ್ಲ, ಆದ್ದರಿಂದ ಯಾರನ್ನೂ ನಂಬುವ ಹಾಗಿರಲಿಲ್ಲ. ತಂಗಿ ಸಭೆಗೆ ಬರುವುದು ನಿಂತಿತು. ಗೋಡೆಯ ಮೇಲಿದ್ದ ಬೈಬಲ್ ವಾಕ್ಯದ ಕ್ಯಾಲೆಂಡರ್ ಇಳಿಯಿತು. ಕಚೇರಿಗೆ ಹಣೆಗೆ ಕುಂಕುಮ ಇಟ್ಟುಕೊಂಡು ಹೋಗತೊಡಗಿದಳು. ಆಸ್ಪತ್ರೆಯ ಮುದುಕಿಯರ ಹತ್ತಿರ ಹೋಗುವುದನ್ನೂ ಬಿಟ್ಟಳು. ಅಲ್ಲಿ ಯಾರಾದರೂ ನೋಡಿ ಮತ ಪ್ರಚಾರ ಅಂದರೆ ಮುಗಿಯಿತಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಅವ್ವನದು. ಅವ್ವ ಬೆಳಗ್ಗೆ ಎದ್ದ ಕೂಡಲೇ ದೊಡ್ಡ ದನಿಯಲ್ಲಿ ಯೇಸುವಿನ ಕೀರ್ತನೆ ಹಾಡುವವಳು, ಅಕ್ಕಪಕ್ಕಕ್ಕೆಲ್ಲ ಕೇಳುತ್ತಿತ್ತು. ಸಣ್ಣಗೆ ಹಾಡವ್ವ ಎಂದು ತಂಗಿ ಒಂದು ವಾರ ಹೇಳಿದಳು. ಅವ್ವನಿಗೆ ಸಣ್ಣಗೆ ಹಾಡಲು ಬರುತ್ತಿರಲಿಲ್ಲ. ಬಟ್ಟೆ ತುಂಬಿ, ಮಾತ್ರೆಯ ಡಬ್ಬಿ ಕೊಟ್ಟು, ಅವಳೇ ಬಸ್ಸಿನಲ್ಲಿ ಕರೆತಂದು ನನ್ನ ಮನೆಯಲ್ಲಿ ಬಿಟ್ಟು ಹೋದಳು. ಅವ್ವ ನನ್ನ ಮನೆಯಲ್ಲಿ ಹಾಡಲಿಲ್ಲ. ಹಾಡವ್ವ ಎಂದು ನನ್ನ ಹೆಂಡತಿ ಎಷ್ಟು ಹೇಳಿದರೂ ಗಂಟಲು ಸರಿಯಿಲ್ಲ ಎನ್ನುತ್ತಿದ್ದಳು.

ನಾನು ಸಭೆಗೆ ಹೋಗುತ್ತಲೇ ಇದ್ದೇನೆ. ಹೋಗದಿದ್ದರೆ ಯಾಕೆಂದು ಕೇಳುತ್ತಾರೆ. ರೊಟ್ಟಿಯ ತಟ್ಟೆ ಬಂದಾಗ ತೆಗೆದುಕೊಂಡು ಬಾಯಲ್ಲಿ ಹಾಕಿಕೊಳ್ಳುತ್ತೇನೆ. ಯಾವುದೂ ಚುಚ್ಚುವುದಿಲ್ಲ. ನೀತಿ, ನೀತಿವಂತ ಎಂಬ ಮಾತು ಮೈಕಿನಲ್ಲಿ ಬಂದರೆ ಈಗ ನನಗೆ ಮೈ ಉರಿಯುತ್ತದೆ. ದೇವರ ಮೇಲೆ ಸಿಟ್ಟಿಲ್ಲ. ನಾನು ದೇವರ ಹತ್ತಿರ ಹೋಗಲು ತಂಗಿಯನ್ನು ತುಳಿದುಕೊಂಡು ಹೋದೆನಲ್ಲ, ಆ ನನ್ನ ಮೇಲೆ ಸಿಟ್ಟು. ಇದನ್ನು ಎದ್ದು ನಿಂತು ಹೇಳುವ ಹಾಗೂ ಇಲ್ಲ.

ಹೋದ ವರ್ಷ ಅವ್ವ ತೀರಿಕೊಂಡಳು. ತಂಗಿ ಬಂದು ಮನೆಯೊಳಗೆ ಅವ್ವನ ಕಾಲ ಹತ್ತಿರ ಕುಳಿತಿದ್ದಳು. ಪಾಸ್ಟರ್, ಸಭೆಯವರು ಬರುವ ಹೊತ್ತಿಗೆ ಎದ್ದು ಹಿತ್ತಲಿಗೆ ಹೋದಳು. ಮಧ್ಯಾಹ್ನ ಮೂರಕ್ಕೆ ಕ್ರೈಸ್ತರ ಸಮಾಧಿ ಜಾಗಕ್ಕೆ ತೆಗೆದುಕೊಂಡು ಹೋದೆವು. ಅವಳು ಬೇರೆ ಆಟೋದಲ್ಲಿ ಬಂದು ಗೇಟಿನ ಹೊರಗೆ, ರಸ್ತೆಯ ಆಚೆ ಬದಿಯಲ್ಲಿ ನಿಂತಳು. ಬಸ್ಸಿಗೆ ಕಾಯುವವಳ ಹಾಗೆ ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದಳು. ಒಳಗೆ ಒಂದಿಬ್ಬರು ಮೊಬೈಲ್ ಎತ್ತಿ ಹಿಡಿದಿದ್ದರು. ಇಳಿಸಿ ಎಂದು ನಾನು ಗದರಿದೆ, ಇಳಿಸಿದರು.

ಪ್ರಾರ್ಥನೆ ಮುಗಿದು ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ನಾನು ನನ್ನದು ಹಾಕಿ, ಇನ್ನೊಂದು ಹಿಡಿ ಕೈಯಲ್ಲಿಟ್ಟುಕೊಂಡು ಗೇಟು ದಾಟಿ ಅವಳ ಹತ್ತಿರ ಹೋದೆ. ಒಳಗೆ ಬರುವುದು ಬೇಡ, ಇದನ್ನು ಕೈಯಲ್ಲಿ ಮುಟ್ಟು, ನಿನ್ನ ಹೆಸರಿನಲ್ಲಿ ನಾನು ಹಾಕುತ್ತೇನೆ ಎಂದು ಕೈ ಚಾಚಿದೆ. ಅವಳು ನನ್ನ ಕೈ ನೋಡಲಿಲ್ಲ. ರಸ್ತೆಯ ಎರಡೂ ಕಡೆ ನೋಡಿದಳು.

“ಯಾರಾದ್ರೂ ನೋಡ್ತಾರೆ ಅಣ್ಣ. ಹೋಗು,” ಎಂದಳು.

ನಾನು ಒಳಗೆ ಹೋಗಿ ಆ ಮಣ್ಣನ್ನೂ ಹಾಕಿದೆ.